ಒಳ್ಳೆಯ ಕುರ್ಚಿಗಳನ್ನು ಒಳಗಿಡುವ ಊರು

ಕಳೆದ ವಾರ ಮಧುಗಿರಿಯ ನಮ್ಮ ಮನೆಯ ಮುಂದೆ ಒಂದು ಬಿಳಿಯ ಕಾರು ಬಂದು ನಿಂತಿತು. ನಾನು ಜಗುಲಿಯ ಮೇಲೆ, ಹೊಸದಾಗಿ ಕೊಂಡ ಬೆತ್ತದ ಕುರ್ಚಿಯಲ್ಲಿ ಕುಳಿತು ಪತ್ರಿಕೆ ಓದುತ್ತಿದ್ದೆ. ಕಾರಿನ ಬಾಗಿಲು ತೆರೆಯುವುದರೊಳಗೆ ಎದ್ದು, ಕುರ್ಚಿಯನ್ನು ಎತ್ತಿ ಒಳಮನೆಗೆ ಸಾಗಿಸಿ, ಅದರ ಜಾಗದಲ್ಲಿ ಕಾಲು ಮುರಿದ ಸ್ಟೂಲೊಂದನ್ನು ತಂದಿಟ್ಟು, ಸೆರಗಿನ ಇಸ್ತ್ರಿ ಕಾಣದಂತೆ ಮುದುರಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಸಾಧ್ಯವಾದಷ್ಟು ಬಡವಳಾಗಿ ನಿಂತುಬಿಟ್ಟಿದ್ದೆ. ಕಾರಿನಿಂದ ಇಳಿದವರು ನನ್ನ ತಮ್ಮನ ಬೀಗರು. ಮನೆಯ ಮದುವೆಯ ಲಗ್ನಪತ್ರಿಕೆ ಕೊಡಲು ಬಂದಿದ್ದರು. ಆ ಹಿರಿಯರು ಸ್ಟೂಲಿನ ಮೇಲೆ ಸಮತೋಲ ಕಾಯ್ದುಕೊಂಡು ಕುಳಿತು ಉಭಯಕುಶಲೋಪರಿ ನಡೆಸಿದ್ದನ್ನು ನೋಡಿ ನನಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಆಶ್ಚರ್ಯವಾಯಿತು. ಊರು ಬಿಟ್ಟು ಮೂವತ್ತು ವರ್ಷಗಳಾದರೂ ಕೈಗಳು ಪಾಠವನ್ನು ಮರೆತಿರಲಿಲ್ಲ.

ನೀವು ಕಾಲುವೆ ನೀರಾವರಿಯ ಸೀಮೆಯವರಾದರೆ ಈ ಪಾಠ ನಿಮಗೆ ತಿಳಿದಿರಲಾರದು. ನಮ್ಮ ಕಡೆಯವರಾದರೆ ಈಗಾಗಲೇ ನಗುತ್ತಿರುತ್ತೀರಿ.

ನಮ್ಮೂರು ಪಾವಗಡ ತಾಲ್ಲೂಕಿನದು. ಒಂದು ದಿಕ್ಕಿಗೆ ನಿಡುಗಲ್ಲಿನ ಬೆಟ್ಟ ಕಾಣುತ್ತದೆ, ಇನ್ನೊಂದು ದಿಕ್ಕಿಗೆ ನಡೆದರೆ ಆಂಧ್ರ ಬರುತ್ತದೆ. ಜಿಲ್ಲಾ ಕೇಂದ್ರಕ್ಕೆ ದೂರ, ರಾಜಧಾನಿಗೆ ಇನ್ನೂ ದೂರ ಎಂದು ನಮ್ಮೂರಿನ ಬಗ್ಗೆ ಬಂದ ವರದಿಗಳೆಲ್ಲ ಮೊದಲ ಪುಟದಲ್ಲಿಯೇ ಹೇಳುತ್ತವೆ. ನನ್ನ ಅಜ್ಜಿಗೆ ಮಾತ್ರ ಈ ದೂರದ ಅರಿವು ಕೊನೆಯವರೆಗೂ ಬರಲಿಲ್ಲ. ಬೆಂಗಳೂರು ಬಹಳ ದೂರದಲ್ಲಿದೆ, ಪಾಪ, ಅಲ್ಲಿಯವರು ಸಾರಿನ ಹುಳಿಗೆ ಏನು ಮಾಡುತ್ತಾರೋ ಎಂದು ಆಕೆ ಮರುಗುತ್ತಿದ್ದಳು.

ನನ್ನ ಬಾಲ್ಯದಲ್ಲಿ ಊರಿಗೆ ಬರುತ್ತಿದ್ದ ವಾಹನಗಳು ಎರಡೇ ಬಗೆಯವು. ಒಂದು ಬೆಳಗಿನ ಬಸ್ಸು, ಮತ್ತೊಂದು ಸರ್ಕಾರದ ಜೀಪು. ಬಸ್ಸು ಬಂದಾಗ ಊರಿನವರು ಹೊರಡುತ್ತಿದ್ದರು, ಜೀಪು ಬಂದಾಗ ಹಿಂದುಳಿಯುತ್ತಿದ್ದರು. ಜೀಪಿನ ಧೂಳು ಹುಣಸೆ ತೋಪಿನ ಆಚೆ ಕಾಣಿಸಿಕೊಂಡ ಗಳಿಗೆಯಿಂದ ಅದು ಅರಳಿಕಟ್ಟೆಯ ಬಳಿ ನಿಲ್ಲುವವರೆಗೆ ಒಬ್ಬ ಮನುಷ್ಯ ಮುಖ ತೊಳೆದುಕೊಳ್ಳಬಹುದಾದಷ್ಟು ಸಮಯವಿರುತ್ತಿತ್ತು. ನಾವು ಆ ಸಮಯವನ್ನು ಮುಖ ತೊಳೆಯದವರಂತೆ ಕಾಣಲು ಬಳಸಿಕೊಳ್ಳುತ್ತಿದ್ದೆವು. ಕುರ್ಚಿ, ರೇಡಿಯೋ, ಹಿತ್ತಾಳೆಯ ಹಂಡೆ ಎಲ್ಲವೂ ಒಳಗೆ. ಮಕ್ಕಳ ಚಪ್ಪಲಿಗಳು ಸೂರಿನ ಮೇಲೆ. ತೂತು ಬಿದ್ದ ಕೊಡಗಳು ಹೊರಗೆ. ಅಂಥ ಕೊಡಗಳು ಇಡೀ ಊರಿನಲ್ಲಿ ನಾಲ್ಕೈದು ಮಾತ್ರವಿದ್ದುದರಿಂದ ಅವು ಯಾವೊಬ್ಬರ ಸ್ವತ್ತೂ ಆಗಿರದೆ ಊರಿಗೆಲ್ಲ ಸೇರಿದ್ದವು. ಮುಂದೆ ಕಾಲೇಜಿನ ಅಧ್ಯಯನ ಶಿಬಿರದಲ್ಲಿ ಉತ್ಪಾದನಾ ಸಾಧನಗಳ ಸಾಮೂಹಿಕ ಒಡೆತನ ಎಂಬ ಮಾತು ಕೇಳಿದಾಗ ನನಗೆ ಥಟ್ಟನೆ ನೆನಪಾದದ್ದು ಆ ಕೊಡಗಳೇ. ಆದರೆ ಆ ಕೊಡಗಳಲ್ಲಿಯೂ ಮೇಲಿನ ಕೇರಿಯದು, ಕೆಳಗಿನ ಕೇರಿಯದು ಎಂಬ ಭೇದವಿತ್ತೆಂಬುದನ್ನು ಮರೆಮಾಚಲಾರೆ. ಬಡತನವನ್ನು ಪ್ರದರ್ಶಿಸುವ ಹೊತ್ತಿನಲ್ಲಿಯೂ ಜಾತಿಯ ಶಿಸ್ತನ್ನು ನಾವು ಸಡಿಲಿಸಿದವರಲ್ಲ.

ಈ ಎಲ್ಲ ವ್ಯವಸ್ಥೆಯ ಸೂತ್ರಧಾರ ನನ್ನ ಚಿಕ್ಕಪ್ಪ ರಂಗಧಾಮಪ್ಪ. ಯಾರನ್ನು ಎಲ್ಲಿ ನಿಲ್ಲಿಸಬೇಕು, ಯಾರು ಮಾತನಾಡಬೇಕು, ಯಾರು ಬರಿದೆ ಕೆಮ್ಮಬೇಕು ಎಂಬುದೆಲ್ಲ ಅವನ ನಿರ್ಧಾರ. ಏಳು ವರ್ಷದ ನನ್ನನ್ನು ಅವನು ಯಾವಾಗಲೂ ಮುಂದಿನ ಸಾಲಿನಲ್ಲಿ ನಿಲ್ಲಿಸುತ್ತಿದ್ದ. ನಾನು ದಿನಕ್ಕೆ ಮೂರು ಹೊತ್ತು ಮುದ್ದೆ ಉಣ್ಣುತ್ತಿದ್ದೆ, ಆದರೆ ಹೊಟ್ಟೆಯಲ್ಲಿ ಜಂತುಹುಳುಗಳಿದ್ದುದರಿಂದ ಪಕ್ಕೆಲುಬುಗಳನ್ನು ದೂರದಿಂದಲೇ ಎಣಿಸಬಹುದಾಗಿತ್ತು. ಅಧಿಕಾರಿಗಳು ನನ್ನ ತಲೆ ಸವರಿ, ಟಿಪ್ಪಣಿ ಬರೆದುಕೊಂಡು, ಬಿಸ್ಕತ್ತು ಕೊಟ್ಟು ಹೋಗುತ್ತಿದ್ದರು. ಆ ವರ್ಷವೇ ನಮ್ಮೂರಿಗೆ ಶಾಲೆಯ ಕೊಠಡಿ ಮಂಜೂರಾಯಿತು. ಅದರ ಅರ್ಧ ಪಾಲು ನನ್ನ ಪಕ್ಕೆಲುಬುಗಳದ್ದು ಎಂದು ಚಿಕ್ಕಪ್ಪ ಇಂದಿಗೂ ಹೇಳುತ್ತಾನೆ.

ಇದನ್ನು ಕಪಟವೆಂದು ಕರೆಯುವವರಿಗೆ ಪಕ್ಕದೂರಿನ ಕತೆ ಹೇಳಬೇಕು. ಅಲ್ಲಿಯವರು ಜೀಪು ಬರುತ್ತದೆಂದು ಗೋಡೆಗಳಿಗೆ ಸುಣ್ಣ ಬಳಿದು, ಬೀದಿ ಗುಡಿಸಿ, ಬಂದವರಿಗೆ ಕೋಸಂಬರಿ ಪಾನಕ ಕೊಟ್ಟು ಸತ್ಕರಿಸಿದರು. ಅಧಿಕಾರಿಗಳು ಸಂತೋಷಪಟ್ಟು, ನೀವು ಚೆನ್ನಾಗಿದ್ದೀರಿ ಎಂದು ಹೇಳಿ ಹೋದರು. ಆ ಊರಿಗೆ ಕೊಠಡಿ ಬರಲಿಲ್ಲ. ಮಕ್ಕಳು ಸುಣ್ಣ ಬಳಿದ ಗೋಡೆಗೆ ಒರಗಿ ಮರದ ಕೆಳಗೆ ಓದಿದರು. ಮನುಷ್ಯರು ತಮ್ಮ ಹಕ್ಕಿನ ಶಾಲೆಯನ್ನು ಪಡೆಯಬೇಕಾದರೆ ಎಲುಬು ತೋರಿಸಬೇಕೆಂಬ ನಿಯಮವನ್ನು ಮಾಡಿದವರು ನಾವಲ್ಲ. ನಾವು ಆ ನಿಯಮವನ್ನು ಕಲಿತವರು, ಅಷ್ಟೇ. ಆದರೆ ಬಹಳ ಚೆನ್ನಾಗಿ ಕಲಿತೆವು.

ಹುಣಸೆಯ ಮಾತಿಗೆ ಬರುತ್ತೇನೆ, ಏಕೆಂದರೆ ನಾನು ಹೇಳಹೊರಟ ತಪ್ಪೆಲ್ಲ ಅಲ್ಲಿಯೇ ನಡೆದದ್ದು. ಬೇಸಿಗೆಯಲ್ಲಿ ನಮ್ಮೂರಿನ ಪ್ರತಿ ಮನೆಯ ಪಡಸಾಲೆಯಲ್ಲಿಯೂ ಹುಣಸೆಕಾಯಿಯ ರಾಶಿ. ಹೆಂಗಸರು ಸುತ್ತ ಕುಳಿತು ಓಡು ಬಿಡಿಸಿ, ನಾರು ಎಳೆದು, ಸಣ್ಣ ಕೊಡತಿಯಿಂದ ಕುಟ್ಟಿ ಬೀಜ ತೆಗೆಯುತ್ತಿದ್ದರು. ಕೊಡತಿಯ ಸದ್ದು ಮಧ್ಯಾಹ್ನವೆಲ್ಲ ಊರಿನ ಎದೆಬಡಿತದಂತೆ ಕೇಳಿಸುತ್ತಿತ್ತು. ಮಕ್ಕಳಿಗೆ ಬೀಜವೇ ಕೂಲಿ. ಕೆಲವನ್ನು ಹುರಿದು ತಿನ್ನುತ್ತಿದ್ದೆವು, ಕೆಲವನ್ನು ಒಂದು ಮಗ್ಗುಲು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿ ಚೌಕಾಬಾರಕ್ಕೆ ಕವಡೆಯ ಬದಲು ಬಳಸುತ್ತಿದ್ದೆವು, ಮತ್ತೆ ಕೆಲವನ್ನು ಉಜ್ಜಿ ಬಿಸಿ ಮಾಡಿ ಪಕ್ಕದವರ ತೋಳಿಗೆ ಚುರುಕ್ಕೆನಿಸುತ್ತಿದ್ದೆವು. ನನ್ನ ಎಡತೋಳಿನ ಮೇಲೆ ಅಂಥದೊಂದು ಸುಟ್ಟ ಕಲೆ ಈಗಲೂ ಇದೆ. ಪ್ರಭುತ್ವದ ಹಿಂಸೆಯ ಬಗ್ಗೆ ಮಾತನಾಡುವಾಗ ಅದನ್ನು ಒಂದೆರಡು ಸಭೆಗಳಲ್ಲಿ ತೋರಿಸಿದ್ದೂ ಉಂಟು. ಪೊಲೀಸರು ಮಾಡಿದ್ದೆಂದು ನಾನು ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ.

ತುಮಕೂರಿನ ಹಾಸ್ಟೆಲಿನಲ್ಲಿ ಓದಿ, ಶಿಬಿರಗಳಲ್ಲಿ ವಿಚಾರ ಕಲಿತು, ಹೋರಾಟಗಾರ್ತಿಯಾಗಿ ಮಧುಗಿರಿಯಲ್ಲಿ ನೆಲೆಸಿದ ಮೇಲೆ ನಾನು ಚಿಕ್ಕಪ್ಪನ ಕಲೆಗೆ ಸಾಹಿತ್ಯ ಒದಗಿಸಿದೆ. ಅವನು ತೂತು ಕೊಡ ತೋರಿಸಿದರೆ ನಾನು ಅದರ ಕಾರಣಗಳನ್ನು ಹನ್ನೆರಡು ಅಂಶಗಳಲ್ಲಿ ಬರೆದುಕೊಟ್ಟೆ. ಅಂತರ್ಜಲ, ಫ್ಲೋರೈಡು, ಕೂಲಿಯ ಅನ್ಯಾಯ, ದೇವಸ್ಥಾನದ ಬಾವಿ, ಹೋಟೆಲಿನ ಬೇರೆ ಲೋಟ, ಹೆಣ್ಣುಮಕ್ಕಳ ಶೌಚಾಲಯ, ಒಂದನ್ನೂ ಬಿಡಲಿಲ್ಲ. ಇವೆಲ್ಲ ನಿಜ, ಇವತ್ತಿಗೂ ನಿಜ, ಒಂದು ಅಕ್ಷರವನ್ನೂ ಹಿಂದಕ್ಕೆ ಪಡೆಯುವುದಿಲ್ಲ. ನಾನು ಹೇಳುತ್ತಿರುವುದು ಬೇರೆ ವಿಷಯ. ಹಲವು ವರ್ಷ ಒಂದೇ ಪಾತ್ರ ವಹಿಸಿದ ನಟಿಗೆ ಪರದೆ ಇಳಿದದ್ದು ತಿಳಿಯುವುದಿಲ್ಲ.

ಪರದೆ ಇಳಿದದ್ದು ಹೋದ ವರ್ಷ, ಮಧುಗಿರಿಯ ಒಂದು ಕಾರ್ಯಾಗಾರದಲ್ಲಿ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕುಗಳ ಪ್ರತಿನಿಧಿಗಳನ್ನು ಕರೆದಿದ್ದರು. ವೇದಿಕೆಯ ಹಿಂದಿನ ಬಟ್ಟೆಯ ಮೇಲೆ 'ದೂರದ ಪ್ರದೇಶಗಳ ಆರ್ಥಿಕ ಸ್ಪರ್ಧಾತ್ಮಕತೆ' ಎಂದು ಬರೆದಿತ್ತು. ಸ್ಪರ್ಧೆಯೆಂದ ಮೇಲೆ ನಾವು ಬಿಟ್ಟೇವೆಯೇ? ಶಿರಾದಿಂದ ಬಂದಿದ್ದ ಕಂಬಳಿ ನೇಯುವ ಈರಣ್ಣ, ಮದಲೂರು ಕೆರೆ ಎಷ್ಟು ದೊಡ್ಡದು ಮತ್ತು ಅದು ತುಂಬಿದ್ದನ್ನು ಕಾಣಲು ತಮ್ಮ ಹಿರಿಯರು ಎಷ್ಟು ಕಾದರು ಎಂಬುದನ್ನು ವಿವರಿಸಿ ಆರಂಭದಲ್ಲಿಯೇ ಮುನ್ನಡೆ ಸಾಧಿಸಿದರು. ಕೊರಟಗೆರೆಯ ನಿವೃತ್ತ ಮೇಷ್ಟರೊಬ್ಬರು ಇದನ್ನು ಸಹಿಸಲಿಲ್ಲ. ನಿಮ್ಮೂರಿಗೆ ಹೆದ್ದಾರಿ ಇದೆ, ಹೆದ್ದಾರಿಯ ಬದಿಗೆ ಬಿರಿಯಾನಿ ಇದೆ, ಹಿಂದುಳಿದವರೆಂದು ಹೇಳಿಕೊಳ್ಳಲು ನಿಮಗೆ ಸಂಕೋಚವಾಗಬೇಕು ಎಂದರು.

"ಹೆದ್ದಾರಿ ಇರೋದು ನಮ್ಮೂರಾಗೆ ನಿಲ್ಲೋಕಲ್ಲ ಮೇಷ್ಟ್ರೇ," ಎಂದರು ಈರಣ್ಣ. "ನಮ್ಮನ್ನ ದಾಟ್ಕಂಡು ಹೋಗೋಕೆ."

ಅದಕ್ಕೆ ಚಪ್ಪಾಳೆ ಬಿತ್ತು. ಮೇಷ್ಟರು ಪೆಚ್ಚಾದರು. ಮಧುಗಿರಿಯವರು ಉಪವಿಭಾಗದ ಕೇಂದ್ರವಾಗಿರುವುದೇ ತಮಗೆ ಹೇಗೆ ಶಾಪವಾಗಿದೆ ಎಂದು ವಾದಿಸಿದರು, ಆದರೆ ಅದು ಯಾರಿಗೂ ನಾಟಲಿಲ್ಲ. ರಾಜಧಾನಿಯಿಂದ ಬಂದಿದ್ದ ತಜ್ಞರು ಬೋರ್ಡಿನ ಮೇಲೆ ಎರಡು ಕಾಲಂ ಎಳೆದು, ನಿಮ್ಮ ಕೊರತೆಗಳನ್ನು ಎಡಕ್ಕೆ, ನಿಮ್ಮ ಬಲಗಳನ್ನು ಬಲಕ್ಕೆ ಹೇಳಿ ಎಂದರು. ಎಡಗಡೆಯದು ತುಂಬಿ, ಕೆಳಗೆ ಹರಿದು, ಕೊನೆಗೆ ಗೋಡೆಯ ಮೇಲೆ ಕಾಗದ ಅಂಟಿಸಿ ಬರೆಯಬೇಕಾಯಿತು. ಬಲಗಡೆಯದು ಅರ್ಧ ಗಂಟೆ ಖಾಲಿಯಿತ್ತು. ತಜ್ಞರ ಮುಖ ನೋಡಲಾರದೆ ನಾನೇ ಪಾವಗಡದ ಪರವಾಗಿ ಬಿಸಿಲು ಎಂದೆ.

"ಅದೂ ಈಗ ಗುತ್ತಿಗೆಗೆ ಹೋಗೈತಲ್ಲ ಮೇಡಂ," ಎಂದರು ಈರಣ್ಣ. ರಾಯಚರ್ಲಿನ ಕಡೆ ಸೋಲಾರ್ ಫಲಕಗಳು ಕೆರೆಯ ನೀರಿನಂತೆ ಹೊಳೆಯುವುದನ್ನು ಅವರೂ ನೋಡಿದ್ದರು.

ಆ ಮೇಲೆ ತಜ್ಞರು ನಿಮ್ಮೂರಿನ ಹೆಂಗಸರು ಏನು ಕೆಲಸ ಮಾಡುತ್ತಾರೆ ಎಂದು ಕೇಳಿದರು. ನಾನು ಹುಣಸೆಯ ವಿಷಯ ಹೇಳಿದೆ. ಬೆರಳು ಹುಳಿಗೆ ಬಿರಿಯುವುದು, ನಡ ನೋಯುವುದು, ಗಡಿಯಾಚೆಯ ಮಂಡಿಯಲ್ಲಿ ವ್ಯಾಪಾರಿ ಹೇಳಿದ್ದೇ ದರವಾಗುವುದು. ನಾನು ಅದನ್ನು ಶೋಷಣೆಯ ಉದಾಹರಣೆಯಾಗಿ ಹೇಳಿದ್ದೆ. ಆತ ಬಲಗಡೆಯ ಕಾಲಂನಲ್ಲಿ 'ಹುಣಸೆ' ಎಂದು ಬರೆದು ಅಡಿಗೆರೆ ಎಳೆದರು. ನಾನು ಎದ್ದು ನಿಂತು ಪ್ರತಿಭಟಿಸಿದೆ. ಆತ ವಿನಯದಿಂದ ಕೇಳಿಸಿಕೊಂಡು ಎರಡನೆಯ ಗೆರೆ ಎಳೆದರು. ಹುಣಸೆ ಪುಡಿ ಮಾಡುವ ಬೆಂಗಳೂರಿನ ಒಂದು ಕಂಪನಿಯವರಿಗೆ ಹೇಳಿ ಕಳಿಸುತ್ತೇನೆ ಎಂದೂ ಹೇಳಿದರು.

ಇಲ್ಲಿ ಗಂಗರತ್ನಳ ಪರಿಚಯ ಮಾಡಿಕೊಡಬೇಕು. ಅವಳು ನನ್ನ ಬಾಲ್ಯದ ಗೆಳತಿಯ ತಂಗಿ, ನನಗಿಂತ ಹತ್ತು ವರ್ಷ ಚಿಕ್ಕವಳು. ತಾನೂ ಸೇರಿ ಹುಣಸೆ ಬಿಡಿಸುವ ಹದಿನಾಲ್ಕು ಹೆಂಗಸರ ಗುಂಪು ಕಟ್ಟಿದ್ದಳು. ಹಳೆಯ ಶಾಲಾ ಕೊಠಡಿ, ಅಂದರೆ ನನ್ನ ಪಕ್ಕೆಲುಬುಗಳಿಂದ ಬಂದದ್ದು, ಹೊಸ ಶಾಲೆಯಾದ ಮೇಲೆ ಪಾಳುಬಿದ್ದಿತ್ತು. ಗುಂಪಿಗೆ ಕಟ್ಟಡ ಬೇಕೆಂದು ನಾನು ಎಂಟು ಪುಟದ ಮನವಿ ಬರೆದೆ. ಅದಕ್ಕೆ ಸ್ವೀಕೃತಿ ಬರುವುದರೊಳಗೆ ಅವಳು ಪಂಚಾಯಿತಿಯವರನ್ನು ಕೇಳಿ ಕೊಠಡಿಯ ಬೀಗದಕೈ ಪಡೆದು, ಸುಣ್ಣ ಹೊಡೆಸಿ, ಕಿಟಕಿಗೆ ನೊಣ ಬಾರದಂಥ ಜಾಲರಿ ಹಾಕಿಸಿ, ಹೊರಗೆ ನಲ್ಲಿ ಕೂರಿಸಿ, ಹದಿನಾಲ್ಕು ತಲೆಗಳಿಗೆ ಬಿಳಿಯ ಟೋಪಿ ಹೊಲಿಸಿದ್ದಳು. ಎರಡು ಕೇರಿಯ ಹೆಂಗಸರೂ ಒಂದೇ ಚಾಪೆಯ ಮೇಲೆ ಕುಳಿತುಕೊಳ್ಳುವಂತೆ ಮಾಡಲು ನಾನು ವಿಚಾರ ಸಂಕಿರಣ ಯೋಜಿಸುತ್ತಿದ್ದಾಗ ಅವಳು ಚಾಪೆಗಳನ್ನೇ ತೆಗೆದು ಸ್ಟೀಲಿನ ಮೇಜು ಹಾಕಿಸಿಬಿಟ್ಟಳು.

ಹುಣಸೆಯ ಕಾಲ ಮುಗಿದ ಮೇಲೆ ಈ ಹದಿನಾಲ್ಕರಲ್ಲಿ ಒಂಬತ್ತು ಮಂದಿ ಬೆಳಗಿನ ಜಾವ ಬರುವ ಗಾರ್ಮೆಂಟ್ಸ್ ವ್ಯಾನ್ ಹತ್ತಿ ಗಡಿ ದಾಟುತ್ತಿದ್ದರು. ಶೌಚಕ್ಕೆ ಎದ್ದರೆ ಸೂಪರ್‌ವೈಸರ್ ಗೊಣಗುತ್ತಾನೆಂದು ಹಗಲಿಡೀ ನೀರು ಕುಡಿಯದೆ ಹೊಲಿಯುತ್ತಿದ್ದರು. ಗಂಗರತ್ನ ಹನ್ನೊಂದು ವರ್ಷ ಹಾಗೆ ಹೊಲಿದವಳು, ಅದರ ಫಲವಾಗಿ ಆಸ್ಪತ್ರೆ ಸೇರಿ ಬಂದವಳು. ಕಂಪನಿ ವರ್ಷವಿಡೀ ಹಣ್ಣು ಕೊಳ್ಳಲು ಒಪ್ಪಿದರೆ, ದಾಸ್ತಾನು ಇಟ್ಟ ಕಾಯಿಯನ್ನು ಹನ್ನೆರಡು ತಿಂಗಳೂ ಬಿಡಿಸಬಹುದಾಗಿತ್ತು. ಯಾರೂ ವ್ಯಾನ್ ಹತ್ತಬೇಕಾಗಿರಲಿಲ್ಲ. ಇದ್ದ ವಿಷಯ ಇಷ್ಟೇ, ಆದರೆ ಒಂಬತ್ತು ಹೆಂಗಸರಿಗೆ ಅದು ಎಲ್ಲವೂ ಆಗಿತ್ತು.

ಕಂಪನಿಯ ಖರೀದಿ ಅಧಿಕಾರಿ ಪ್ರಶಾಂತ್ ಎಂಬವರು ಬರುವ ದಿನ ಗೊತ್ತಾಯಿತು. ದಾರಿ ತೋರಿಸಲು ನಾನು ಮಧುಗಿರಿಯಲ್ಲಿ ಅವರ ಕಾರು ಹತ್ತಿದೆ. ಮೃದು ಮಾತಿನ ಮನುಷ್ಯ, ನಿಮ್ಮ ಭಾಗದ ಬಗ್ಗೆ ಸ್ವಲ್ಪ ಹೇಳಿ ಎಂದರು. ಆ ಪ್ರಶ್ನೆಯನ್ನು ನನಗೆ ಯಾರೂ ಕೇಳಬಾರದು. ಮಿಡಿಗೇಶಿ ಬರುವುದರೊಳಗೆ ನಾನು ಅಂತರ್ಜಲವನ್ನು ಮುಗಿಸಿದ್ದೆ. ಅಲ್ಲಿಂದ ಮುಂದೆ ಫ್ಲೋರೈಡಿಗೆ ಬಂದು, ಹಲ್ಲು ಮೂಳೆಗಳ ಸ್ಥಿತಿಯನ್ನು ವಿವರಿಸಿ, ವಿದ್ಯುತ್ತಿನ ಅನ್ಯಾಯವನ್ನು ಪಾವಗಡದ ಹೊರವಲಯದಲ್ಲಿ ಕೈಗೆತ್ತಿಕೊಂಡೆ. ಪ್ರಶಾಂತ್ ನಡುವೆ ಒಮ್ಮೆ ತಮ್ಮ ನೀರಿನ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ ಕೆಳಗಿಟ್ಟರು. ನನ್ನ ಮಾತು ಅವರ ಮನಸ್ಸಿಗೆ ತಟ್ಟುತ್ತಿದೆಯೆಂದು ನನಗೆ ತೃಪ್ತಿಯಾಯಿತು. ತಿನ್ನುವ ಪದಾರ್ಥ ಕೊಳ್ಳಲು ಹೊರಟ ಮನುಷ್ಯನಿಗೆ ಅದು ಹೇಗೆ ತಟ್ಟುತ್ತಿದೆ ಎಂಬ ಯೋಚನೆ ಮಾತ್ರ ನನ್ನ ಹತ್ತಿರ ಸುಳಿಯಲಿಲ್ಲ.

ಊರು ಮುಟ್ಟಿದೆವು. ಕೊಠಡಿಗೆ ಬೀಗ. ಅದರ ಮುಂದಿನ ಬಿಸಿಲಿನಲ್ಲಿ ಹರಿದ ಚಾಪೆಗಳು, ಎರಡು ಕೇರಿಗೆ ಎರಡು. ಅವುಗಳ ಮೇಲೆ ಹಿಂದಿನ ವರ್ಷದ, ಕಪ್ಪಾಗಿ ಮೆತ್ತಗಾದ ಹುಣಸೆಹಣ್ಣು. ಹಣ್ಣಿನ ಮೇಲೆ ನೊಣ, ನೊಣದ ಹಿಂದೆ ಕೋಳಿ. ಸುತ್ತ ಹದಿಮೂರು ಹೆಂಗಸರು ಪೆಟ್ಟಿಗೆಯ ತಳದಿಂದ ತೆಗೆದ ಸೀರೆಗಳಲ್ಲಿ. ಎಲ್ಲರ ಮುಂದೆ, ಅಂಗಿಯಿಲ್ಲದ ಮೈಯ ಮೇಲೆ ಟವೆಲು ಹೊದ್ದು ಕೈಜೋಡಿಸಿ ನಿಂತ ರಂಗಧಾಮಪ್ಪ ಚಿಕ್ಕಪ್ಪ. ಬರುತ್ತಿರುವವರು ಸರ್ಕಾರದವರಲ್ಲ, ಹಣ್ಣು ಕೊಳ್ಳುವವರು ಎಂದು ಅವನಿಗೆ ತಿಳಿದಿರಲಿಲ್ಲವೆಂದಲ್ಲ. ನಾನೇ ಫೋನಿನಲ್ಲಿ ಹೇಳಿದ್ದೆ. ಯಾರಾದರೇನು, ಕಾರಿನಲ್ಲಿ ನೋಡಲು ಬರುವವರು ತಾನೇ ಎಂದು ಅವನು ಲೆಕ್ಕ ಹಾಕಿದ್ದ. ಗಂಗರತ್ನ ಊರಿನಲ್ಲಿದ್ದಿದ್ದರೆ ತಡೆಯುತ್ತಿದ್ದಳು. ಅವಳು ಹಣ್ಣು ತುಂಬಿ ತೋರಿಸಲು ಹೊಸ ಕವರುಗಳು ಬೇಕೆಂದು ಬೆಳಿಗ್ಗೆಯೇ ಪಾವಗಡದ ಪೇಟೆಗೆ ಹೋಗಿದ್ದಳು.

ಒಂದು ಸತ್ಯ ಹೇಳಬೇಕು. ಆ ದೃಶ್ಯವನ್ನು ಕಂಡ ಮೊದಲ ಕ್ಷಣ ನನಗೆ ಆದದ್ದು ಹೆಮ್ಮೆ. ಇಷ್ಟು ಅಚ್ಚುಕಟ್ಟಾದ ಏರ್ಪಾಡನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

ಪ್ರಶಾಂತ್ ಕೈಯಲ್ಲಿದ್ದ ಟ್ಯಾಬ್ ತೆರೆದು, ಹಣ್ಣು ತೊಳೆಯುವ ಪಾತ್ರೆ, ಕೈ ತೊಳೆಯಲು ನೀರು ಇವೆಯೇ ಎಂದು ಕೇಳಿದರು.

"ನೀಳ್ಳು ಲೇವು ಸಾಮಿ," ಎಂದ ಚಿಕ್ಕಪ್ಪ. ಭಾವ ತೀವ್ರವಾದಾಗ ಅವನಿಗೆ ತೆಲುಗು ಬರುತ್ತದೆ. "ಕುಡಿಯಾಕೇ ನೀರಿಲ್ಲ, ಇನ್ನು ಪಾತ್ರೆ ತೊಳೆಯಾಕೆ ಎಲ್ಲಿಂದ ತರಾನ?"

ಅವನ ಬೆನ್ನ ಹಿಂದೆ, ಗೋಣಿಚೀಲ ಹೊದಿಸಿದ್ದ ನಲ್ಲಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಕರೆಂಟಿನ ಬಗ್ಗೆ ಕೇಳಿದರು. ಬಂದರೆ ನಾವು ದೀಪಾವಳಿ ಮಾಡುತ್ತೇವೆ ಎಂದ. ಲಾರಿ ಬರಲು ರಸ್ತೆ ಹೇಗಿದೆ ಎಂದರು. ಮಳೆ ಬಂದರೆ ಹೆಣ ಸಾಗಿಸಲೂ ಆಗುವುದಿಲ್ಲವೆಂದ. ಹೆಂಗಸರು ದಿನಕ್ಕೆ ಎಷ್ಟು ಹಣ್ಣು ಬಿಡಿಸಬಲ್ಲರು ಎಂದದ್ದಕ್ಕೆ, ಇವರಿಗೆ ಕುಳಿತು ಏಳುವ ತ್ರಾಣವೇ ಇಲ್ಲ ಎಂದು ತೋರಿಸಿದ. ತೋರಿಸಿದ ಕಡೆ ಇಬ್ಬರು ಕೆಮ್ಮಿದರು. ಹಿಂದಿನ ಕಾಲದಲ್ಲಿ ಈ ಒಂದೊಂದು ಉತ್ತರಕ್ಕೂ ಪೂರ್ಣ ಅಂಕ ಸಿಗುತ್ತಿತ್ತು. ಇಲ್ಲಿ ಒಂದೊಂದು ಉತ್ತರಕ್ಕೂ ಒಬ್ಬೊಬ್ಬಳು ವ್ಯಾನ್ ಹತ್ತುತ್ತಿದ್ದಳು. ನನಗೆ ಅದು ಅರ್ಥವಾಗತೊಡಗಿತ್ತು. ಆದರೂ ಬಂದವರ ಎದುರು ಊರಿನ ಮಾತನ್ನು ಅಲ್ಲಗಳೆಯುವ ಅಭ್ಯಾಸ ನನ್ನ ನಾಲಗೆಗೆ ಇರಲಿಲ್ಲ. ಒಮ್ಮೆ ಬಾಯಿ ತೆರೆದೆ. ಹೊರಟದ್ದು, ಶೌಚಾಲಯದ ವಿಷಯ ಹೇಳುವುದನ್ನು ಚಿಕ್ಕಪ್ಪ ಮರೆತಿದ್ದಾನೆ ಎಂಬ ಮಾತು.

ಅಷ್ಟರಲ್ಲಿ ಆಟೋ ಬಂದು ನಿಂತಿತು. ಗಂಗರತ್ನ ಕವರುಗಳ ಕಟ್ಟನ್ನು ಕಂಕುಳಲ್ಲಿಟ್ಟುಕೊಂಡು ಇಳಿದು, ಚಾಪೆ ನೋಡಿ, ಕೋಳಿ ನೋಡಿ, ನನ್ನನ್ನು ನೋಡಿದಳು.

"ಏನ್ ಮಾವ ಇದು?"

"ಸುಮ್ಕಿರಮ್ಮಿ," ಎಂದು ಚಿಕ್ಕಪ್ಪ ಪಿಸುಗುಟ್ಟಿದ. "ಚೆನ್ನಾಗಿ ಬರ್ಕಂತಾವ್ರೆ."

"ಏನ್ ಬರ್ಕಂತಾವ್ರೆ?"

"ನಮ್ ಕಷ್ಟಾನ."

"ಕಷ್ಟ ತಕಂಡೋಗಿ ಪುಡಿ ಮಾಡಿ ಮಾರ್ತಾರಾ ಅವ್ರು?" ಎಂದಳು ಗಂಗರತ್ನ. ಆಮೇಲೆ ನನ್ನ ಕಡೆ ತಿರುಗಿದಳು. "ನೀನಾದ್ರೂ ಹೇಳ್ಬಾರ್ದಾ ಅಕ್ಕ? ಹೋಗ್ಲಿ ಬುಡು. ಇವ್ರಿಗೆ ಹೇಳ್ಕೊಟ್ಟೋಳೇ ನೀನು."

ಚಿಕ್ಕಪ್ಪನ ಉಡಿದಾರದಿಂದ ಬೀಗದಕೈ ಬಿಚ್ಚಿಕೊಂಡು ಬಾಗಿಲು ತೆರೆದಳು. ಒಳಗೆ ಬೆಳ್ಳನೆಯ ಗೋಡೆ, ಜಾಲರಿಯ ಕಿಟಕಿಯಿಂದ ಬೀಳುವ ಬೆಳಕು, ಟ್ರೇಗಳಲ್ಲಿ ಜೋಡಿಸಿಟ್ಟ ಜೇನಿನ ಬಣ್ಣದ ಹಣ್ಣು. ಮೂಲೆಯಲ್ಲಿ ಊರಿನ ಒಳ್ಳೆಯ ಕುರ್ಚಿಗಳೆಲ್ಲ ಒಂದರ ಮೇಲೊಂದು ಏರಿ ಸೂರು ಮುಟ್ಟಿದ್ದವು. ಪ್ರಶಾಂತ್ ಒಂದು ಹಣ್ಣನ್ನು ಮುರಿದು ನೋಡಿದರು, ಮೂಸಿದರು.

"ತಪ್ಪು ತಿಳಿಯಬೇಡಿ," ಎಂದರು. "ಇದು ನೀವೇ ಮಾಡಿದ್ದು ಅಂತ ನಾನು ಹೇಗೆ ನಂಬಲಿ? ಈಗತಾನೆ ನೀರೇ ಇಲ್ಲ ಅಂದ್ರಿ. ಬೇರೆ ಕಡೆಯಿಂದ ತರಿಸಿ ಇಟ್ಟಿದ್ದರೆ?"

ಆ ಪ್ರಶ್ನೆಯಲ್ಲಿ ಅನ್ಯಾಯವಿರಲಿಲ್ಲ. ಇಡೀ ಜೀವನ ಅನ್ಯಾಯಗಳನ್ನು ಗುರುತಿಸಿದವಳಾಗಿ ಅಷ್ಟನ್ನು ಹೇಳಬಲ್ಲೆ. ಇಲ್ಲದ್ದನ್ನು ಇದೆಯೆನ್ನುವವರನ್ನು ಆತ ಕಂಡಿರಬಹುದು. ಇದ್ದದ್ದನ್ನು ಇಲ್ಲವೆಂದು ಸಾಧಿಸಿದವರನ್ನು ಅದೇ ಮೊದಲು ಕಂಡಿದ್ದರು.

ಗಂಗರತ್ನ ಹೊರಗೆ ಹೋಗಿ ಗೋಣಿಚೀಲ ಎಳೆದೆಸೆದು ನಲ್ಲಿಯಲ್ಲಿ ಮೊಳಕೈವರೆಗೆ ತೊಳೆದುಕೊಂಡಳು. ಟೋಪಿ ಹಾಕಿ, ಅಂಗೈಗೆ ಹರಳೆಣ್ಣೆ ಸವರಿ, ಮೇಜಿನ ಮುಂದೆ ಕುಳಿತಳು. ಓಡು ಬಿಡಿಸದ ಕಾಯಿಯ ಮೂಟೆಗಳ ಕಡೆ ತೋರಿಸಿ, ಯಾವ ಮೂಟೆ ಬೇಕೋ ನೀವೇ ಬಿಚ್ಚಿ ಎಂದಳು. ಪ್ರಶಾಂತ್ ಅಡಿಯಲ್ಲಿದ್ದ ಒಂದನ್ನು ಎಳೆಸಿದರು. ಉಳಿದ ಹದಿಮೂರು ಹೆಂಗಸರು ಒಬ್ಬೊಬ್ಬರಾಗಿ ಕೈ ತೊಳೆದು ಬಂದರು. ಕೆಮ್ಮಿದವರಿಬ್ಬರು ಎಲ್ಲರಿಗಿಂತ ಮೊದಲು ಬಂದರು.

ಆ ಮೇಲಿನ ಒಂದು ಗಂಟೆ ಕೊಡತಿಗಳದೇ ಸದ್ದು. ಕಾಯಿಯ ತೊಟ್ಟು ಮುರಿದು ಎಳೆದರೆ ನಾರುಗಳೆಲ್ಲ ಒಂದೇ ಎಳೆತಕ್ಕೆ ಜಡೆಯಂತೆ ಕಳಚಿ ಬರಬೇಕು. ಕೊಡತಿಯ ಏಟು ಬೀಜ ಒಡೆಯದಷ್ಟು ಹಗುರ, ತಿರುಳು ಬಿಡುವಷ್ಟು ಭಾರವಿರಬೇಕು. ಒಡೆದ ಬೀಜದ ಒಂದು ಚೂರು ಉಳಿದರೂ ಇಡೀ ರಾಶಿ ದಂಡ. ಅವರು ಕಣ್ಣಿನಿಂದಲ್ಲ, ಸದ್ದಿನಿಂದ ತಿಳಿಯುತ್ತಿದ್ದರು. ಒಂದು ಏಟು ತುಸು ಗಟ್ಟಿಯಾಗಿ ಕೇಳಿಸಿತೆಂದರೆ ಪಕ್ಕದವಳು ತಲೆಯೆತ್ತದೆಯೇ ಕೈ ಚಾಚಿ ಆ ಹಣ್ಣನ್ನು ಬೇರೆ ತಟ್ಟೆಗೆ ಹಾಕುತ್ತಿದ್ದಳು. ನಾನು ಆ ಸದ್ದಿನಲ್ಲಿಯೇ ಬೆಳೆದವಳು. ಅದರ ಬಗ್ಗೆ ಎಷ್ಟೋ ಪುಟ ಬರೆದವಳು. ಅದರಲ್ಲಿ ನೋವು ಕೇಳಿಸಿತ್ತೇ ಹೊರತು ಇಂಥ ನೈಪುಣ್ಯವಿದೆಯೆಂದು ಒಂದು ಸಾಲನ್ನೂ ಬರೆದಿರಲಿಲ್ಲ. ನಡುವೆ ಎರಡು ಬಾರಿ ಏನೋ ವಿವರಿಸಲು ಹೊರಟೆ. ಎರಡು ಬಾರಿಯೂ ಗಂಗರತ್ನ ತಲೆಯೆತ್ತಿ ನೋಡಿದಳು. ಎರಡು ಬಾರಿಯೂ ಸುಮ್ಮನಾದೆ.

ಪ್ರಶಾಂತ್ ಬಿಡಿಸಿದ ಹಣ್ಣನ್ನೂ ನಲ್ಲಿಯ ನೀರನ್ನೂ ಪರೀಕ್ಷೆಗೆಂದು ತೆಗೆದುಕೊಂಡರು. ಇನ್ನೊಮ್ಮೆ ಬರುತ್ತೇನೆ, ಯಾವಾಗ ಎಂದು ಹೇಳುವುದಿಲ್ಲ ಎಂದರು. ಅವರು ಕಾರಿನ ಕಡೆ ನಡೆದ ಮೇಲೆ ಗಂಗರತ್ನ ನನ್ನ ಮುಂಗೈ ಹಿಡಿದುಕೊಂಡಳು.

"ಅವ್ರು ಇನ್ನೊಂದ್ಸಲ ಬಂದಾಗ ನೀನ್ ಬರ್ಬ್ಯಾಡಕ್ಕ," ಎಂದಳು. "ಬೇಜಾರ್ ಮಾಡ್ಕಬ್ಯಾಡ. ನಮ್ಗೆ ಇದೊಂದು ಆಗ್ಬೇಕು."

ನಾನು ಬಸ್ಸಿನಲ್ಲಿ ಹಿಂತಿರುಗಿದೆ. ದಾರಿಯುದ್ದಕ್ಕೂ ಈ ಪ್ರಸಂಗದಲ್ಲಿ ಯಾರು ಯಾರು ತಪ್ಪಿತಸ್ಥರೆಂದು ನನ್ನ ಎಂದಿನ ಕ್ರಮದಲ್ಲಿ ಪಟ್ಟಿ ಮಾಡಿದೆ. ವಸಾಹತುಶಾಹಿ ಆಡಳಿತ, ಅನುದಾನದ ನಿಯಮಗಳು, ಜಾತಿ, ಕಂಪನಿಗಳು, ಚಿಕ್ಕಪ್ಪ. ಮಿಡಿಗೇಶಿ ದಾಟಿದ ಮೇಲೆ ನನ್ನ ಹೆಸರನ್ನೂ ಸೇರಿಸಿದೆ. ಮಧುಗಿರಿಯ ಬೆಟ್ಟ ಕಾಣುವ ಹೊತ್ತಿಗೆ ಅದನ್ನು ಮೊದಲನೆಯ ಸ್ಥಾನಕ್ಕೆ ತಂದಿದ್ದೆ.

ಮೂರು ವಾರದ ಮೇಲೆ ಗಂಗರತ್ನ ಫೋನ್ ಮಾಡಿದಳು. ಪ್ರಶಾಂತ್ ಹಿಂದಿನ ದಿನ ಹೇಳದೆ ಕೇಳದೆ ಬಂದಿದ್ದರಂತೆ. ನೀರಿನ ಪರೀಕ್ಷೆ ಸರಿಯಾಗಿ ಬಂದಿತ್ತು, ಶುದ್ಧೀಕರಣ ಘಟಕದಿಂದ ಎಳೆದ ನಲ್ಲಿ ಅದು. ಆ ಘಟಕ ಬಂದದ್ದು ನನ್ನ ಮನವಿಯಿಂದಲೇ ಅಲ್ಲವೇ ಎಂದು ನಾನು ನೆನಪಿಸಬೇಕೆಂದಿದ್ದೆ, ಅವಳು ಮಾತು ಮುಂದುವರಿಸಿದ್ದರಿಂದ ಅವಕಾಶವಾಗಲಿಲ್ಲ. ಅವತ್ತು ಆ ನಾಟಕ ಏಕೆ ಆಡಿದಿರಿ ಎಂದು ಪ್ರಶಾಂತ್ ಕೇಳಿದರಂತೆ.

"ಏನಂದೆ?" ಎಂದೆ.

"ಇಷ್ಟು ವರ್ಷ ಬಂದೋರೆಲ್ಲ ನಿಮ್ಮತ್ರ ಏನಿಲ್ಲ ಅಂತ ಕೇಳೋರು ಸಾರ್, ಏನೈತೆ ಅಂತ ಕೇಳ್ದೋರು ನೀವೇ ಮೊದ್ಲು, ಗಾಬ್ರಿಯಾಗೋಯ್ತು ಅಂದೆ."

ಒಪ್ಪಿಗೆ ಸಿಕ್ಕಿತು, ಆದರೆ ಕೇಳಿದಷ್ಟಲ್ಲ. ಒಂಬತ್ತರಲ್ಲಿ ಐವರು ಈಗ ವ್ಯಾನ್ ಹತ್ತುವುದಿಲ್ಲ. ನಾಲ್ವರು ಇನ್ನೂ ಹತ್ತುತ್ತಾರೆ, ದಿನವೂ ಕೊಠಡಿಯ ಮುಂದೆಯೇ ಹಾದು ಹೋಗುತ್ತಾರೆ. ಊರು ದೂರವೆಂಬ ಕಾರಣಕ್ಕೆ ಕಂಪನಿ ದರದಲ್ಲಿ ಸ್ವಲ್ಪ ಮುರಿದುಕೊಳ್ಳುತ್ತದೆ. ದೂರ ಎಂದರೆ ಯಾರಿಂದ ದೂರ, ಹಣ್ಣಿಗೆ ಬೆಂಗಳೂರು ಎಷ್ಟು ದೂರವೋ ಬೆಂಗಳೂರಿಗೆ ಹಣ್ಣೂ ಅಷ್ಟೇ ದೂರವಲ್ಲವೇ, ಆ ದೂರದ ಖರ್ಚನ್ನು ನಾವೊಬ್ಬರೇ ಏಕೆ ಹೊರಬೇಕು ಎಂದು ನಾನು ಕುದಿದೆ. ಈ ಬಗ್ಗೆ ವಿವರವಾದ ಮನವಿ ಬರೆಯುತ್ತೇನೆ ಎಂದೆ. ಬರೀ, ಆದರೆ ಮುಂದಿನ ವರ್ಷ ಬರೀ, ಈಗ ಅದಕ್ಕಿಂತ ಅರ್ಜೆಂಟಾದದ್ದೊಂದಿದೆ ಎಂದಳು ಗಂಗರತ್ನ. ಕಂಪನಿಗೆ ಕೊಟ್ಟು ಉಳಿದ ಹಣ್ಣನ್ನು ಅವರು ಸಣ್ಣ ಪೊಟ್ಟಣ ಕಟ್ಟಿ ತಾವೇ ಮಾರುವುದೆಂದು ತೀರ್ಮಾನಿಸಿದ್ದರು. ಪೊಟ್ಟಣದ ಮೇಲೆ ಎರಡು ಸಾಲು ಬರೆದುಕೊಡಬೇಕು, ನೀನು ಬರೆಯುವವಳಲ್ಲವೇ ಎಂದಳು.

ನಾನು ಒಂದು ವಾರ ಕುಳಿತೆ. ಮೊದಲ ಕರಡು ಒಂದೂವರೆ ಪುಟವಾಯಿತು. ಇಳಿಸಿ ಇಳಿಸಿ ಎರಡು ಸಾಲಿಗೆ ತಂದು ಊರಿಗೆ ಹೋದೆ. 'ಗಡಿಭಾಗದ ಅತ್ಯಂತ ಹಿಂದುಳಿದ, ಮಳೆವಂಚಿತ ತಾಲ್ಲೂಕಿನ ಶೋಷಿತ ಮಹಿಳೆಯರು ಬಿರಿದ ಬೆರಳುಗಳಿಂದ ಬಿಡಿಸಿದ ಹುಣಸೆಹಣ್ಣು.' ಗಂಗರತ್ನ ಮೇಜಿನ ಮುಂದೆ ಕುಳಿತು ಬೆರಳಿಟ್ಟು ಓದಿದಳು. ಪಕ್ಕದವರಿಗೂ ಓದಿ ಹೇಳಿದಳು. ಆಮೇಲೆ ಕಾಗದವನ್ನು ಮೆಲ್ಲನೆ ನನ್ನ ಕಡೆ ಸರಿಸಿದಳು.

"ತಿನ್ನೋರಿಗೆ ಬಾಯಾಗೆ ನೀರು ಬರ್ಬೇಕು ಕಣಕ್ಕ," ಎಂದಳು. "ಕಣ್ಣಾಗಲ್ಲ."

ಪೆನ್ನು ಹಿಡಿದು ಹಿಂದುಳಿದ ಎಂಬುದನ್ನು ಹೊಡೆದೆ. ಆಮೇಲೆ ಶೋಷಿತ. ಆಮೇಲೆ ಬೆರಳು. ಕೊನೆಗೆ ಹುಣಸೆಹಣ್ಣು ಎಂಬ ಒಂದೇ ಶಬ್ದ ಉಳಿಯಿತು. ಅದರ ಮುಂದೆ ಬರೆಯಲು ನನಗೆ ನಿಜವಾಗಿಯೂ ಏನೂ ತೋಚಲಿಲ್ಲ. ಹೆಂಗಸರು ಕೆಲಸ ನಿಲ್ಲಿಸದೆ ಒಬ್ಬೊಬ್ಬರು ಒಂದೊಂದು ಹೇಳಿದರು, ನಾನು ಬರೆದುಕೊಂಡೆ. 'ಬೀಜವಿಲ್ಲ, ನಾರಿಲ್ಲ. ನಾಲ್ಕು ಜನರ ಸಾರಿಗೆ ನಿಂಬೆಹಣ್ಣಿನ ಗಾತ್ರ ಸಾಕು.'

ನನ್ನ ಇಷ್ಟು ವರ್ಷಗಳ ಬರವಣಿಗೆಯಲ್ಲಿ ಯಾವ ಸಮಿತಿಗೂ ಒಪ್ಪಿಸದೆ, ಯಾವ ಇಲಾಖೆಗೂ ವರ್ಗಾಯಿಸದೆ, ಓದಿದವರು ಓದಿದಂತೆಯೇ ನಂಬಿ ಮನೆಗೆ ಕೊಂಡೊಯ್ಯುತ್ತಿರುವುದು ಆ ಎರಡು ಸಾಲುಗಳನ್ನು ಮಾತ್ರ.